ಮಕೊಂಡೊ ಬಾವಿಯ ಅಳತೆಗಳು: ಆನ್ವಯಿಕ ಸಂಶೋಧನೆಯ ಒಂದು ವಿಮರ್ಶೆ

ಕಾವ್ಯ ನಾಟಕಗಳಿಗೆ ವಿಮರ್ಶೆ ಸಲ್ಲುತ್ತದೆ, ಪ್ರಯೋಗಶಾಲೆಯ ವರದಿಗೆ ಸಲ್ಲದು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬಹುಮಟ್ಟಿಗೆ ಬೇರೂರಿದೆ. ವರದಿಯಲ್ಲಿರುವುದು ಅಂಕಿ; ಅದು ಸರಿಯಾಗಿರಬೇಕು, ಇಲ್ಲವೆ ತಪ್ಪಾಗಿರಬೇಕು; ಅಲ್ಲಿ ವಿಮರ್ಶಕನಿಗೇನು ಕೆಲಸ ಎಂದು ಕೇಳುವವರುಂಟು. ಪ್ರಕೃತ ಲೇಖಕನ ಅಭಿಪ್ರಾಯ ಬೇರೆ. ಸರಿ ತಪ್ಪು ಎಂಬ ಎರಡೇ ಗೂಡುಗಳಲ್ಲಿ ಅಡಗದ ಅಂಕಿಗಳು ಬಹಳ ಇವೆ. ಇಂಥ ಸ್ಥಿತಿಯಲ್ಲಿ, ಇಂಥ ಉಪಕರಣದಿಂದ, ಇಂಥ ಊಹೆಯನ್ನು ನಂಬಿ ದೊರಕಿಸಿದ್ದು ಎಂಬ ಮಾತು ಜೊತೆಗಿರುವವರೆಗೆ ಅವು ಸರಿ. ಆ ಮಾತು ಕಳಚಿಬಿದ್ದ ಗಳಿಗೆಯಿಂದ ಅವೇ ಅಂಕಿಗಳು ಮೋಸಗೊಳಿಸತೊಡಗುತ್ತವೆ. ಶುದ್ಧವಿಜ್ಞಾನದಲ್ಲಿ ಈ ಮೋಸಕ್ಕೆ ಬೆಲೆ ತೆರುವವರು ಕೆಲವು ವಿದ್ವಾಂಸರು ಮಾತ್ರ. ಆನ್ವಯಿಕ ವಿಜ್ಞಾನದಲ್ಲಿ ಹಾಗಲ್ಲ.

ಇದನ್ನು ಪರೀಕ್ಷಿಸಲು ಒಂದೇ ಪ್ರಸಂಗವನ್ನು ತೆಗೆದುಕೊಳ್ಳುವುದು ಒಳ್ಳೆಯದೆಂದು ತೋರಿದೆ. 2010ನೆಯ ಏಪ್ರಿಲ್ 20ರ ರಾತ್ರಿ ಮೆಕ್ಸಿಕೊ ಕೊಲ್ಲಿಯಲ್ಲಿ, ಲೂಯಿಸಿಯಾನ ತೀರದಿಂದ ಸುಮಾರು 66 ಕಿಲೋಮೀಟರು ದೂರದಲ್ಲಿ, ‘ಡೀಪ್‌ವಾಟರ್ ಹೊರೈಜ಼ನ್’ ಎಂಬ ತೈಲಕೂಪದ ತೇಲುವೇದಿಕೆ ಸಿಡಿದು ಹನ್ನೊಂದು ಮಂದಿ ಸತ್ತರು. ಎರಡು ದಿನಗಳ ತರುವಾಯ ವೇದಿಕೆ ಮುಳುಗಿತು. ಅದರ ಕೆಳಗೆ ಸುಮಾರು 1,500 ಮೀಟರು ನೀರಿನಡಿಯಲ್ಲಿದ್ದ ‘ಮಕೊಂಡೊ’ ಎಂಬ ಬಾವಿ ಜುಲೈ 15ರವರೆಗೆ, ಅಂದರೆ 87 ದಿನಗಳ ಕಾಲ, ಕಡಲಿಗೆ ಎಣ್ಣೆಯನ್ನು ಕಾರಿತು. ವಸ್ತುಗಳ ಬಲವನ್ನು ಪರೀಕ್ಷಿಸುವ ಎಂಜಿನಿಯರು, ಪ್ರವಾಹವನ್ನು ಅಳೆಯುವ ಭೌತವಿಜ್ಞಾನಿ, ಜೀವಕೋಶದ ಮೇಲೆ ವಿಷದ ಪರಿಣಾಮವನ್ನು ನೋಡುವ ಜೀವವಿಜ್ಞಾನಿ, ಈ ಮೂವರು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಮೂರು ಬೇರೆ ಕಟ್ಟಡಗಳಲ್ಲಿರುತ್ತಾರೆ. ಒಬ್ಬರ ವರದಿಯನ್ನು ಇನ್ನೊಬ್ಬರು ಓದುವುದು ಅಪರೂಪ. ಈ ಒಂದು ಬಾವಿಯ ಬಳಿ ಮೂವರೂ ಬರಲೇಬೇಕಾಯಿತು. ಮೂವರ ಬರೆಹಗಳೂ ಇಂದು ನಮ್ಮ ಮುಂದಿವೆ. ಅವುಗಳನ್ನು ಒಟ್ಟಿಗೆ ಇಟ್ಟು ಓದಿದವರು ಕಡಮೆ.

ಮೊದಲು ಸಿಮೆಂಟಿನ ಮಾತು. ಬಾವಿಯ ಅಡಿಯಲ್ಲಿ ಉಕ್ಕಿನ ಕೊಳವೆಗೂ ಸುತ್ತಲಿನ ಬಂಡೆಗೂ ನಡುವೆ ಸಿಮೆಂಟು ತುಂಬಿ ಎಣ್ಣೆ ಅನಿಲಗಳು ಮೇಲೇರದಂತೆ ಬಿಗಿಯುವುದು ಪದ್ಧತಿ. ಮಕೊಂಡೊದ ಬಂಡೆ ದುರ್ಬಲವಾಗಿದ್ದುದರಿಂದ ಭಾರವಾದ ಗಾರೆಯನ್ನು ಇಳಿಸಿದರೆ ಬಂಡೆಯೇ ಬಿರಿಯುವ ಭಯವಿತ್ತು. ಆದುದರಿಂದ ಸಾರಜನಕದ ಗುಳ್ಳೆಗಳನ್ನು ಬೆರೆಸಿ ಹಗುರಮಾಡಿದ ನೊರೆಸಿಮೆಂಟನ್ನು ಆರಿಸಿಕೊಂಡರು. ನೊರೆಸಿಮೆಂಟು ಗಟ್ಟಿಯಾಗುವ ತನಕ ಗುಳ್ಳೆಗಳು ತಮ್ಮ ಸ್ಥಾನದಲ್ಲೇ ನಿಲ್ಲಬೇಕು. ಒಂದನ್ನೊಂದು ಕೂಡಿಕೊಂಡು ಮೇಲೆದ್ದರೆ ಕೆಳಗೆ ಭಾರವಾದ ಗಾರೆಯೂ ಮೇಲೆ ಟೊಳ್ಳೂ ಉಳಿಯುತ್ತವೆ. ಇದನ್ನು ಪರೀಕ್ಷಿಸುವ ವಿಧಾನ ಸರಳ: ಗಾರೆಯನ್ನು ಸ್ವಲ್ಪ ಹೊತ್ತು ಕಲಕಿ ಹದಗೊಳಿಸಿ, ನೊರೆಯೆಬ್ಬಿಸಿ, ಅಚ್ಚಿನಲ್ಲಿ ಎರೆದು, ಗಟ್ಟಿಯಾದ ಮೇಲೆ ಕಂಬದ ತುದಿ ಬುಡಗಳ ಸಾಂದ್ರತೆಯನ್ನು ಹೋಲಿಸುವುದು.

ಗಾರೆಯನ್ನು ಒದಗಿಸಿದ ಹ್ಯಾಲಿಬರ್ಟನ್ ಕಂಪನಿ ಫೆಬ್ರವರಿ ಏಪ್ರಿಲ್‌ಗಳಲ್ಲಿ ಇಂಥ ನಾಲ್ಕು ಪರೀಕ್ಷೆಗಳನ್ನು ಮಾಡಿತ್ತೆಂದು ಅಮೆರಿಕದ ರಾಷ್ಟ್ರೀಯ ತನಿಖಾ ಆಯೋಗದ ವಕೀಲರು 2010ನೆಯ ಅಕ್ಟೋಬರಿನಲ್ಲಿ ಬಯಲುಮಾಡಿದರು. ಮೊದಲ ಮೂರರಲ್ಲಿ ನೊರೆ ನಿಲ್ಲಲಿಲ್ಲ. ನಾಲ್ಕನೆಯದರಲ್ಲಿ ನಿಂತಿತು. ಆದರೆ ಆ ನಡುವೆ ಪರೀಕ್ಷೆಯ ಕ್ರಮವೇ ಬದಲಾಗಿತ್ತು. ಗಾರೆಯನ್ನು ಹದಗೊಳಿಸುವ ಕಾಲವನ್ನು ಹೆಚ್ಚಿಸಿದ್ದರು. ಏಪ್ರಿಲ್ 19ರ ರಾತ್ರಿ ಸಿಮೆಂಟನ್ನು ಇಳಿಸುವ ಹೊತ್ತಿಗೆ ಈ ನಾಲ್ಕನೆಯದರ ಫಲಿತಾಂಶವಾದರೂ ಕೈಸೇರಿತ್ತೆ ಎಂಬುದು ಸಂದೇಹ. ತನಿಖೆಯವರು ಅದೇ ಪಾಕದ ಗಾರೆಯನ್ನು ಶೆವ್ರಾನ್ ಕಂಪನಿಯ ಪ್ರಯೋಗಶಾಲೆಗೆ ಕೊಟ್ಟರು. ಅಲ್ಲಿ ಮಾಡಿದ ಒಂಬತ್ತು ಪರೀಕ್ಷೆಗಳಲ್ಲಿ ಒಂದರಲ್ಲೂ ನೊರೆ ನಿಲ್ಲಲಿಲ್ಲ.

ಇಲ್ಲಿ ಆತುರದಿಂದ ತೀರ್ಪು ಕೊಡುವುದು ಸುಲಭ. ಆದರೆ ಹ್ಯಾಲಿಬರ್ಟನ್ನಿನವರು ಎತ್ತಿದ ಆಕ್ಷೇಪವನ್ನು ವಿಮರ್ಶಕನು ತಳ್ಳಿಹಾಕುವಂತಿಲ್ಲ. ಶೆವ್ರಾನಿನವರು ಪರೀಕ್ಷಿಸಿದ್ದು ಉಗ್ರಾಣದ ಸಿಮೆಂಟು, ವೇದಿಕೆಯ ಮೇಲಿದ್ದ ಸಿಮೆಂಟಲ್ಲ ಎಂಬುದು ಅವರ ವಾದ. ಮಾತು ನಿಜ.  ಆದರೆ ಈ ವಾದವನ್ನು ಹೂಡಿದವರು ಅದರ ಇನ್ನೊಂದು ಮುಖವನ್ನು ನೋಡಿದಂತೆ ಕಾಣುವುದಿಲ್ಲ. ಸಾಮಗ್ರಿಯಲ್ಲಿನ ಅಲ್ಪ ವ್ಯತ್ಯಾಸಕ್ಕೆ, ಕಲಕುವ ಕಾಲದಲ್ಲಿನ ಅಲ್ಪ ವ್ಯತ್ಯಾಸಕ್ಕೆ ‘ನಿಲ್ಲುವುದು’ ‘ನಿಲ್ಲದು’ ಎಂದು ಉತ್ತರ ತಿರುಗುವುದಾದರೆ ಆ ಗಾರೆ ಅಂಚಿನಲ್ಲಿ ನಿಂತಿದೆ ಎಂದಾಯಿತು. ಅದೂ ಅಲ್ಲದೆ ಈ ಪರೀಕ್ಷೆಗಳೆಲ್ಲ ನಡೆಯುವುದು ವಾತಾವರಣದ ಒತ್ತಡದಲ್ಲಿ. ಬಾವಿಯ ಅಡಿಯಲ್ಲಿದ್ದುದು ಅದರ ಎಂಟುನೂರು ಪಟ್ಟಿಗೂ ಮಿಗಿಲಾದ ಒತ್ತಡ. ನಾಲ್ಕು ಪರೀಕ್ಷೆಗಳನ್ನು ಒಂದೇ ಕೋಷ್ಟಕದಲ್ಲಿ, ಪ್ರತಿಯೊಂದರ ಸ್ಥಿತಿಯನ್ನೂ ಪಕ್ಕದಲ್ಲಿ ಬರೆದು, ಒಬ್ಬ ಎಂಜಿನಿಯರ ಮುಂದಿಟ್ಟಿದ್ದರೆ ಅವನು ಕೊನೆಯ ಸಾಲನ್ನು ಮಾತ್ರ ಓದಿ ಸುಮ್ಮನಾಗುತ್ತಿರಲಿಲ್ಲ. ಪರೀಕ್ಷೆ ಕೆಟ್ಟದ್ದಲ್ಲ, ಪರೀಕ್ಷೆಯ ಬರೆಹ ಕೆಟ್ಟದ್ದು.

ಸಿಮೆಂಟು ಬಿಗಿಯಿತೇ ಎಂಬುದನ್ನು ಧ್ವನಿತರಂಗಗಳಿಂದ ನೋಡುವ ಉಪಕರಣವೊಂದುಂಟು. ಅದನ್ನು ನಡೆಸುವ ತಂಡ ವೇದಿಕೆಗೆ ಬಂದಿತ್ತು. ಏಪ್ರಿಲ್ 20ರ ಬೆಳಗ್ಗೆ ಅವರನ್ನು ಕೆಲಸವಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಉಳಿದದ್ದು ಸಂಜೆಯ ಋಣ-ಒತ್ತಡ ಪರೀಕ್ಷೆ. ಬಾವಿಯ ಮೇಲಿನ ದ್ರವಭಾರವನ್ನು ಬೇಕೆಂದೇ ಇಳಿಸಿ, ಒಳಗಿನಿಂದ ಏನಾದರೂ ಒತ್ತಿ ಬರುತ್ತದೆಯೇ ಎಂದು ಕಾಯುವ ಪರೀಕ್ಷೆ ಅದು. ಒಂದೇ ಬಾವಿಗೆ ತೆರೆದಿದ್ದ ಎರಡು ಕೊಳವೆಗಳಲ್ಲಿ ಎರಡು ಮಾಪಕಗಳಿದ್ದವು. ಕೊರೆಗೊಳವೆಯ ಮಾಪಕ ಚದರ ಅಂಗುಲಕ್ಕೆ 1,400 ಪೌಂಡು ತೋರಿಸಿತು. ಪಕ್ಕದ ಸಣ್ಣ ಕೊಳವೆಯದು ಸೊನ್ನೆ ತೋರಿಸಿತು. ಎರಡು ಕೊಳವೆಗಳೂ ಒಂದೇ ಜಾಗಕ್ಕೆ ತೆರೆದಿದ್ದರೆ ಎರಡು ಉತ್ತರಗಳಿರಲು ಸಾಧ್ಯವಿಲ್ಲವೆಂಬುದು ನಮ್ಮ ಪ್ರಥಮ ವರ್ಷದ ವಿದ್ಯಾರ್ಥಿಗೂ ಗೊತ್ತು. ಆದರೆ ದೊಡ್ಡ ಅಂಕಿಗೆ ವೇದಿಕೆಯ ಮೇಲೆ ಒಂದು ವಿವರಣೆ ಹುಟ್ಟಿಕೊಂಡಿತು: ಮೇಲಿನ ಕೊಳವೆಯಲ್ಲಿನ ಭಾರವಾದ ಕೆಸರು ರಬ್ಬರಿನ ಕವಾಟವನ್ನು ತಿತ್ತಿಯಂತೆ ಒತ್ತಿ ಆ ಒತ್ತಡವನ್ನು ಕೆಳಕ್ಕೆ ಸಾಗಿಸುತ್ತಿದೆ ಎಂದು. ಸೊನ್ನೆಯನ್ನು ನಂಬಿದರು. ಪರೀಕ್ಷೆ ತೇರ್ಗಡೆಯಾಯಿತೆಂದು ಎಣಿಸಿ ಮುಂದುವರಿದರು. ಎರಡು ಗಂಟೆಗಳೊಳಗೆ ಸ್ಫೋಟವಾಯಿತು.

ತನಗೆ ಒಪ್ಪದ ಅಳತೆಗೆ ವಿವರಣೆಯನ್ನೂ ಒಪ್ಪುವ ಅಳತೆಗೆ ಪ್ರಮಾಣಪತ್ರವನ್ನೂ ಕೊಡುವ ಈ ಚಾಳಿ ವೇದಿಕೆಯ ಕೂಲಿಗಾರರದೇ ಎಂದು ನಾವು ಹೆಮ್ಮೆಪಡಬೇಕಾಗಿಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ರಂಧ್ರಫಲಕದ ವಿಸರ್ಜನ ಗುಣಾಂಕ 0.6ರ ಸುತ್ತಮುತ್ತ ಬರಬೇಕೆಂದು ಗೊತ್ತಿರುವ ವಿದ್ಯಾರ್ಥಿ 0.71 ಬಂದರೆ ಏನು ಮಾಡುತ್ತಾನೆ? ಅದನ್ನು ತಿದ್ದಿ ಬರೆಯುತ್ತಾನೆ. ನಾವು ಸಹಿ ಹಾಕುತ್ತೇವೆ.

ಕೊನೆಯ ರಕ್ಷಣೆ ಕಡಲತಳದ ಮೇಲಿದ್ದ ಭಾರೀ ಕವಾಟಗಳ ಗೋಪುರ. ಅದರಲ್ಲಿ ಕೊಳವೆಯನ್ನೇ ಕತ್ತರಿಸಿ ಬಾವಿಯನ್ನು ಮುಚ್ಚುವ ಉಕ್ಕಿನ ಅಲಗುಗಳಿದ್ದವು. ಅವು ಕೊಳವೆಯನ್ನು ಪೂರ್ತಿ ಕತ್ತರಿಸಲಿಲ್ಲ. ಕೊಳವೆ ಬಾಗಿ ಒಂದು ಪಕ್ಕಕ್ಕೆ ಸರಿದಿತ್ತು, ಅಲಗುಗಳ ಅಗಲಕ್ಕೆ ಅದು ಸಿಕ್ಕಲಿಲ್ಲ ಎಂದು ನಾರ್ವೆಯ ಡಿ.ಎನ್.ವಿ. ಸಂಸ್ಥೆ 2011ರ ಮಾರ್ಚಿನ ವರದಿಯಲ್ಲಿ ತೋರಿಸಿತು. ಏಕೆ ಬಾಗಿತು, ಅಲಗುಗಳು ಯಾವಾಗ ಮುಚ್ಚಿದವು ಎಂಬುದರಲ್ಲಿ 2014ರ ರಾಸಾಯನಿಕ ಸುರಕ್ಷಾ ಮಂಡಳಿಯ ವರದಿ ಭಿನ್ನಾಭಿಪ್ರಾಯ ಪಡುತ್ತದೆ. ಕೊಳವೆ ನಡುವಿನಲ್ಲಿರಲಿಲ್ಲ ಎಂಬುದರಲ್ಲಿ ಇಬ್ಬರೂ ಒಂದೇ. ಅಲಗಿನ ಬಲವನ್ನು ಲೆಕ್ಕಹಾಕಿದ್ದವರು ನೆಟ್ಟಗೆ ನಡುವಿನಲ್ಲಿ ನಿಂತ ಕೊಳವೆಯನ್ನು ಮನಸ್ಸಿನಲ್ಲಿಟ್ಟಿದ್ದರು. ಉಕ್ಕು ಸೋಲಲಿಲ್ಲ, ಉಕ್ಕಿನ ಬಗ್ಗೆ ಬರೆದ ವಾಕ್ಯದಿಂದ ‘ನಡುವಿನಲ್ಲಿದ್ದರೆ’ ಎಂಬ ಒಂದು ಪದ ಬಿಟ್ಟುಹೋಗಿತ್ತು.

ಇನ್ನು ಪ್ರವಾಹದ ಅಳತೆ. ಈ ಪ್ರಸಂಗದಲ್ಲಿ ಅತ್ಯಂತ ಶ್ರೀಮಂತವಾದ ಭಾಗ ಇದೇ, ಅತ್ಯಂತ ದುಃಖಕರವಾದುದೂ ಇದೇ.

ಏಪ್ರಿಲ್ 24ರಂದು ದಿನಕ್ಕೆ 1,000 ಪೀಪಾಯಿ ಎಣ್ಣೆ ಸೋರುತ್ತಿದೆಯೆಂದು ಪ್ರಕಟವಾಯಿತು. (ಪೀಪಾಯಿ ಎಂದರೆ ಸುಮಾರು 159 ಲೀಟರು.) 28ರಂದು ಅದು 5,000 ಆಯಿತು. ಈ 5,000 ಎಂಬ ಅಂಕಿಯ ಚರಿತ್ರೆಯನ್ನು ಗಮನಿಸಬೇಕು. ಕಡಲ ಮೇಲೆ ಹರಡಿದ ಎಣ್ಣೆಯ ಪೊರೆಯ ವಿಸ್ತಾರವನ್ನು ನೋಡಿ, ಬಣ್ಣದಿಂದ ಅದರ ದಪ್ಪವನ್ನು ಊಹಿಸಿ, ಗುಣಿಸಿ ಪಡೆದ ಒಂದು ತುರ್ತು ಅಂದಾಜು ಅದು. ಬಣ್ಣದಿಂದ ದಪ್ಪವನ್ನು ಹೇಳುವ ಕ್ರಮ ತೆಳುವಾದ ಹೊಳಪಿನ ಪೊರೆಗಳಿಗೆ ಸಲ್ಲುತ್ತದೆ. ನೀರಿನೊಡನೆ ಕಡೆದು ಮಂದವಾದ ಎಣ್ಣೆಗೆ ಸಲ್ಲದು. ಮಿಗಿಲಾಗಿ, ಈ ಎಣ್ಣೆ ಮೇಲ್ಮೈಯಲ್ಲಿ ಹುಟ್ಟಿದ್ದಲ್ಲ. ಒಂದೂವರೆ ಕಿಲೋಮೀಟರು ಆಳದಿಂದ ಬರುತ್ತಿದ್ದದ್ದು. ಅದರಲ್ಲಿ ಗಣನೀಯ ಪಾಲು ಮೇಲೆ ಬರಲೇ ಇಲ್ಲ. ಸುಮಾರು 1,100 ಮೀಟರು ಆಳದಲ್ಲಿ 35 ಕಿಲೋಮೀಟರಿಗೂ ಉದ್ದವಾದ ಎಣ್ಣೆಯ ಮೋಡವೊಂದು ತೇಲುತ್ತಿದ್ದುದನ್ನು ವುಡ್ಸ್ ಹೋಲ್ ಸಂಸ್ಥೆಯವರು ಅದೇ ವರ್ಷ ಪತ್ತೆಹಚ್ಚಿದರು. ಮೇಲ್ಮೈಯನ್ನು ನೋಡಿ ಬಾವಿಯನ್ನು ಅಳೆಯುವುದು, ಅಂಗಳಕ್ಕೆ ಬಿದ್ದ ಎಲೆಗಳನ್ನು ಎಣಿಸಿ ಮರದ ಎಲೆಗಳ ಲೆಕ್ಕ ಹೇಳಿದಂತೆ.

ಆದರೂ ಆ ಅಂದಾಜನ್ನು ಮಾಡಿದವರನ್ನು ನಾವು ದೂರುವುದಿಲ್ಲ. ಕೈಗೆ ಸಿಕ್ಕದ್ದರಿಂದ ಅವರು ಏನೋ ಒಂದನ್ನು ಹೇಳಿದರು. ಅದು ಅಂದಾಜೆಂಬುದು ಅವರಿಗೆ ತಿಳಿದಿತ್ತು. ದೂರಬೇಕಾದದ್ದು ಆಮೇಲೆ ನಡೆದುದನ್ನು. ಸುಮಾರು ಒಂದು ತಿಂಗಳ ಕಾಲ ‘ದಿನಕ್ಕೆ 5,000 ಪೀಪಾಯಿ’ ಎಂಬುದು ಅಧಿಕೃತ ಸತ್ಯವಾಗಿ ಉಳಿಯಿತು. ಮೇ 20ರಂದು ಒಂದು ವಿಚಿತ್ರ ನಡೆಯಿತು. ಮುರಿದ ಕೊಳವೆಯ ಬಾಯಿಗೆ ತುರುಕಿದ ಹೀರುಗೊಳವೆಯಿಂದ ದಿನಕ್ಕೆ 5,000 ಪೀಪಾಯಿ ಎಣ್ಣೆಯನ್ನು ಮೇಲಕ್ಕೆತ್ತುತ್ತಿದ್ದೇವೆಂದು ಬಿ.ಪಿ. ಕಂಪನಿ ಹೇಳಿತು. ಹಾಗಾದರೆ ಸೋರಿಕೆ ಅಲ್ಲಿಗೆ ನಿಲ್ಲಬೇಕಾಗಿತ್ತು. ಕಡಲತಳದ ಚಲಚ್ಚಿತ್ರದಲ್ಲಾದರೋ ಎಣ್ಣೆ ಮೊದಲಿನಂತೆಯೇ ಬುಗ್ಗೆಯಾಗಿ ಚಿಮ್ಮುತ್ತಿತ್ತು. ಕೂಡಿಸಿ ಕಳೆಯಬಲ್ಲ ಯಾರಿಗೂ ಅಂದೇ ಅರ್ಥವಾಗಬೇಕಾಗಿದ್ದ ಮಾತು ಇದು.

ಆ ಚಲಚ್ಚಿತ್ರದ ಅರ್ಧ ನಿಮಿಷದ ತುಣುಕೊಂದನ್ನು ಮೇ 12ರಂದು ಹೊರಗೆ ಬಿಟ್ಟಿದ್ದರು. ಪರ್ಡ್ಯೂ ವಿಶ್ವವಿದ್ಯಾನಿಲಯದ ಸ್ಟೀವ್ ವಿಯರ್ಲಿ ಎಂಬ ಪ್ರಾಧ್ಯಾಪಕರು ಕಣಚಿತ್ರ ವೇಗಮಾಪನವೆಂಬ ವಿಧಾನದಿಂದ ಅದನ್ನು ಪರಿಶೀಲಿಸಿದರು. ಒಂದರ ಹಿಂದೊಂದು ಬರುವ ಎರಡು ಚಿತ್ರಗಳಲ್ಲಿ ಒಂದೇ ಸುಳಿ ಎಷ್ಟು ದೂರ ಸರಿದಿದೆಯೆಂದು ಅಳೆದು ವೇಗವನ್ನು ಪಡೆಯುವುದು ಆ ವಿಧಾನದ ಸಾರ. ದಿನಕ್ಕೆ ಸುಮಾರು 70,000 ಪೀಪಾಯಿ, ಶೇಕಡ 20ರಷ್ಟು ಹೆಚ್ಚುಕಡಮೆಯಾಗಬಹುದು ಎಂದರು. ಅಂಕಿಯೊಡನೆ ಅದರ ಅನಿಶ್ಚಯವನ್ನೂ ಹೇಳಿದವರು ಈ ಪ್ರಸಂಗದಲ್ಲಿ ಬಹುಶಃ ಅವರೇ ಮೊದಲಿಗರು. ಪತ್ರಿಕೆಗಳು ಅವರನ್ನು ವೀರನನ್ನಾಗಿ ಮಾಡಿದುವು. ನಾವು ಇನ್ನಷ್ಟು ಎಚ್ಚರದಿಂದ ಮೆಚ್ಚಬೇಕು. ಚಿತ್ರದಲ್ಲಿ ಕಾಣುವುದು ಹೊರಬರುವ ದ್ರವ್ಯದ ಗಾತ್ರ. ಅದರಲ್ಲಿ ಎಣ್ಣೆಯೆಷ್ಟು, ಅನಿಲವೆಷ್ಟು ಎಂಬುದು ಕಾಣುವುದಿಲ್ಲ. ಮಕೊಂಡೊದಿಂದ ಬಂದದ್ದರಲ್ಲಿ ಎಣ್ಣೆಯ ಪಾಲು ಗಾತ್ರದ ಲೆಕ್ಕದಲ್ಲಿ ಅರ್ಧಕ್ಕೂ ಕಡಮೆಯೆಂದು ಮುಂದೆ ತಿಳಿಯಿತು. ಆದುದರಿಂದ ಅವರ ಅಂಕಿ ಅಂತಿಮ ಅಂಕಿಗೆ ಹತ್ತಿರವಾದದ್ದನ್ನು ವಿಧಾನದ ಪೂರ್ಣ ವಿಜಯವೆಂದು ಎಣಿಸಲಾಗದು.

ಮೇ 27ರಂದು, ಭೂವಿಜ್ಞಾನ ಸರ್ವೇಕ್ಷಣೆಯ ಮುಖ್ಯಸ್ಥೆ ಮಾರ್ಸಿಯಾ ಮೆಕ್‌ನಟ್ ಅವರ ನೇತೃತ್ವದ ತಂಡ 12,000ದಿಂದ 19,000 ಪೀಪಾಯಿ ಎಂದಿತು. ಜೂನ್ 10ರಂದು 20,000ದಿಂದ 40,000. ಜೂನ್ 15ರಂದು 35,000ದಿಂದ 60,000. ಆಗಸ್ಟ್ 2ರಂದು, ಆರಂಭದಲ್ಲಿ 62,000, ಕೊನೆಯಲ್ಲಿ 53,000. ಬಾವಿ ದಿನದಿನಕ್ಕೆ ಹೆಚ್ಚು ಉಕ್ಕುತ್ತಿತ್ತೆಂದು ಈ ಸಾಲನ್ನು ಓದಿದವರಿಗೆ ತೋರಬಹುದು. ಉಕ್ಕುತ್ತಿದ್ದುದು ಬಾವಿಯಲ್ಲ, ಅಂದಾಜು.

ಈ ಕಾಲದ ಕೆಲಸಗಳಲ್ಲಿ ನಮ್ಮ ಮೆಚ್ಚುಗೆಗೆ ಪೂರ್ಣವಾಗಿ ಪಾತ್ರವಾದವು ಎರಡು. ಒಂದು, ವುಡ್ಸ್ ಹೋಲ್‌ನ ರಿಚ್ ಕ್ಯಾಮಿಲಿ ಮತ್ತು ಸಂಗಡಿಗರದು. ಮೇ 31ರಂದು ಅವರು ಕಡಲತಳಕ್ಕೆ ಇಳಿಸಿದ ಯಂತ್ರನೌಕೆಯಿಂದ ಬುಗ್ಗೆಯ ಮೇಲೆ ಶಬ್ದತರಂಗಗಳನ್ನು ಹಾಯಿಸಿದರು. ಎಣ್ಣೆ ಅಪಾರದರ್ಶಕ, ಬೆಳಕಿಗೆ ಅದರ ಹೊರಚರ್ಮ ಮಾತ್ರ ಕಾಣುತ್ತದೆ, ಶಬ್ದಕ್ಕೆ ಒಳಗೂ ಕಾಣುತ್ತದೆ. ಡಾಪ್ಲರ್ ಪಲ್ಲಟದಿಂದ ವೇಗವನ್ನೂ, ಪ್ರತಿಧ್ವನಿಯ ಚಿತ್ರದಿಂದ ಬುಗ್ಗೆಯ ಅಡ್ಡಕೊಯ್ತವನ್ನೂ ಪಡೆದರು. ಅಷ್ಟಕ್ಕೇ ನಿಲ್ಲದೆ, ಬಾವಿಯ ಬಾಯಿಂದಲೇ, ಆ ಆಳದ ಒತ್ತಡವನ್ನು ಕಳೆದುಕೊಳ್ಳದ ಪಾತ್ರೆಯಲ್ಲಿ, ದ್ರವ್ಯವನ್ನು ಹಿಡಿದು ತಂದು ಎಣ್ಣೆಗೂ ಅನಿಲಕ್ಕೂ ಇದ್ದ ಪ್ರಮಾಣವನ್ನು ನಿಜವಾಗಿ ಅಳೆದರು. ಅನ್ಯರು ಊಹಿಸಿದ ಸ್ಥಿತಿಯನ್ನು ಇವರು ಮಾಪನದೊಳಕ್ಕೆ ತಂದರು. ದಿನಕ್ಕೆ ಸುಮಾರು 57,000 ಪೀಪಾಯಿ ಎಂಬ ಅವರ ಅಂಕಿಗೆ ತೂಕ ಬಂದದ್ದು ಇದರಿಂದ.

ಎರಡನೆಯದು ಇನ್ನೂ ಸರಳ. ಬಾವಿಯ ತಲೆಯ ಮೇಲೆ ಕೂರಿಸಿದ್ದ ಹೊಸ ಕವಾಟವನ್ನು ಜುಲೈ 15ರಂದು ಮೆಲ್ಲಮೆಲ್ಲನೆ ಮುಚ್ಚುವಾಗ ಪ್ರತಿ ಹಂತದಲ್ಲೂ ಒತ್ತಡವನ್ನು ಬರೆದಿಟ್ಟರು. ಕವಾಟದ ರಂಧ್ರದ ಆಕಾರ ಗೊತ್ತು, ಅದರ ಆಚೀಚಿನ ಒತ್ತಡ ಗೊತ್ತು. ಅಂದರೆ ಅದೊಂದು ದೊಡ್ಡ ರಂಧ್ರಫಲಕ! 87 ದಿನ ದೊರಕದಿದ್ದ ಪ್ರವಾಹಮಾಪಕ ಪ್ರವಾಹ ನಿಲ್ಲುವ ದಿನ ದೊರಕಿತು. ರಾಷ್ಟ್ರೀಯ ಪ್ರಯೋಗಶಾಲೆಗಳ ಗಣಿತಜ್ಞರು ಅದರಿಂದ 53,000 ಎಂದು ಲೆಕ್ಕಹಾಕಿದರು. 1738ರಲ್ಲಿ ಬರ್ನೂಲಿ ಬರೆದ ತತ್ತ್ವವೇ ಇಲ್ಲೂ ಬುನಾದಿ. ನಮ್ಮ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವಾಗ ಈ ಸಂಗತಿಯನ್ನು ಕೇಳಿದ್ದರೆ ಚೆನ್ನಾಗಿತ್ತು.

ಆದರೆ 53,000 ಎಂಬುದು ಕೊನೆಯ ದಿನದ ಅಂಕಿ. ಮೊದಲ ದಿನದ 62,000ವನ್ನು ಪಡೆದದ್ದು ಹಿಂದಕ್ಕೆ ಲೆಕ್ಕಹಾಕಿ: ತೈಲಾಶಯ ಬರಿದಾಗುತ್ತ ಬಂದಂತೆ ಒತ್ತಡ ಇಳಿಯಿತು, ಹಾದಿ ಮಾತ್ರ ಉದ್ದಕ್ಕೂ ಹೆಚ್ಚುಕಡಮೆ ಒಂದೇ ಆಗಿತ್ತು ಎಂಬ ಊಹೆಯಿಂದ. 2013ರಲ್ಲಿ ನ್ಯೂ ಆರ್ಲಿಯನ್ಸ್ ನ್ಯಾಯಾಲಯದಲ್ಲಿ ಬಿ.ಪಿ.ಯ ತಜ್ಞರು ಈ ಊಹೆಯನ್ನೇ ಹಿಡಿದರು. ಮೊದಲ ದಿನಗಳಲ್ಲಿ ಸಿಮೆಂಟೂ ಕವಾಟದ ಉಕ್ಕೂ ಹಾದಿಯನ್ನು ತಡೆದಿದ್ದುವು, ಮರಳುಮಿಶ್ರಿತ ಪ್ರವಾಹ ಅವನ್ನು ಸವೆಸಿದಂತೆ ಹಾದಿ ಅಗಲವಾಯಿತು, ಆದುದರಿಂದ ಮೊದಮೊದಲು ಹರಿದದ್ದು ಕಡಮೆ ಎಂದರು. ಪ್ರವಾಹದ ಪ್ರಶ್ನೆ ಹೀಗೆ ಸುತ್ತಿ ಬಂದು ವಸ್ತುವಿನ ಸವೆತದ ಪ್ರಶ್ನೆಯಾಯಿತು. ಸಿಮೆಂಟಿನ ಬಗ್ಗೆ ಮೊದಲು ಸರಿಯಾಗಿ ಬರೆದಿಡದ ಮಾತು ಇಲ್ಲಿ ಮತ್ತೆ ಎದುರುನಿಂತಿತು. ಸರ್ಕಾರದವರು ತೈಲಾಶಯದಿಂದ ಹೊರಬಿದ್ದದ್ದು 50 ಲಕ್ಷ ಪೀಪಾಯಿ ಎಂದರು, ಬಿ.ಪಿ.ಯವರು 32.6 ಲಕ್ಷ ಎಂದರು. 2015ರ ಜನವರಿಯಲ್ಲಿ ನ್ಯಾಯಾಧೀಶರು 40 ಲಕ್ಷವೆಂದು ನಿರ್ಣಯಿಸಿ, ಹೀರಿ ತೆಗೆದ 8.1 ಲಕ್ಷವನ್ನು ಕಳೆದು, ಕಡಲಿಗೆ ಸೇರಿದ್ದು 31.9 ಲಕ್ಷ ಪೀಪಾಯಿ ಎಂದರು. ದಂಡ ಪೀಪಾಯಿಯ ಲೆಕ್ಕದಲ್ಲಿದ್ದುದರಿಂದ ಪ್ರತಿ ಪೀಪಾಯಿಗೂ ವಕೀಲರಿದ್ದರು. ವಿಜ್ಞಾನಿಗಳ ತಂಡ ಹೇಳಿದ್ದ ಒಟ್ಟು 49 ಲಕ್ಷ. ಶೇಕಡ 10ರ ಅನಿಶ್ಚಯ. ನ್ಯಾಯಾಲಯದ 40 ಲಕ್ಷ ಆ ಅನಿಶ್ಚಯದ ಕೆಳಗಂಚಿಗೂ ಕೆಳಗಿದೆ. ಅದು ನ್ಯಾಯದ ಅಂಕಿಯಾಗಿರಬಹುದು. ಅಳತೆಯ ಅಂಕಿಯೆಂದು ನಮ್ಮ ಪಠ್ಯಪುಸ್ತಕಗಳಲ್ಲಿ ಅದನ್ನು ಬರೆಯಕೂಡದು.

ಮೂರನೆಯ ಕ್ಷೇತ್ರಕ್ಕೆ ಬರೋಣ. ಎಣ್ಣೆಯನ್ನು ಸಣ್ಣ ಹನಿಗಳನ್ನಾಗಿ ಒಡೆದು ನೀರಿನಲ್ಲಿ ಚೆದರಿಸಲು ‘ಕೊರೆಕ್ಸಿಟ್’ ಎಂಬ ದ್ರವ್ಯವನ್ನು 18 ಲಕ್ಷ ಗ್ಯಾಲನ್ನಿಗೂ ಮಿಗಿಲಾಗಿ ಬಳಸಿದರು. ಅದರಲ್ಲಿ ಏಳೂಮುಕ್ಕಾಲು ಲಕ್ಷದಷ್ಟನ್ನು ಬಾವಿಯ ಬಾಯಿಗೇ, ಒಂದೂವರೆ ಕಿಲೋಮೀಟರು ಆಳದಲ್ಲಿ, ಸುರಿದರು. ಅಷ್ಟು ಆಳದಲ್ಲಿ ಇಂಥ ದ್ರವ್ಯವನ್ನು ಬಳಸಿದ್ದು ಅದೇ ಮೊದಲು. ಇದು ವಿಷವಲ್ಲವೆ ಎಂಬ ಕೂಗೆದ್ದಿತು. ಅಮೆರಿಕದ ಪರಿಸರ ರಕ್ಷಣಾ ಇಲಾಖೆ ಕೆಲವೇ ವಾರಗಳಲ್ಲಿ ಎಂಟು ಬಗೆಯ ಚೆದರಿಕೆಯ ದ್ರವ್ಯಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಪರೀಕ್ಷಿಸಿ ಜೂನ್ 30ರಂದು ಫಲಿತಾಂಶವನ್ನು ಪ್ರಕಟಿಸಿತು. ಕೋಶಗಳನ್ನು ಕೊಲ್ಲುವ ಗುಣವೆಷ್ಟು, ಹಾರ್ಮೋನಿನಂತೆ ನಟಿಸುವ ಗುಣವುಂಟೇ ಎಂಬುದು ಪ್ರಶ್ನೆ. ಕೊರೆಕ್ಸಿಟ್ಟಿನಲ್ಲಿ ಹಾರ್ಮೋನಿನ ಚಿಹ್ನೆ ಕಾಣಲಿಲ್ಲ. ಆಗಸ್ಟ್ 2ರಂದು ಎರಡನೆಯ ಕಂತು: ಸಣ್ಣ ಸೀಗಡಿಯ ಮೇಲೂ ಎಳೆಮೀನಿನ ಮೇಲೂ ನೋಡಿದಾಗ ಎಣ್ಣೆ ಮತ್ತು ದ್ರವ್ಯದ ಮಿಶ್ರಣ ಬರಿಯ ಎಣ್ಣೆಗಿಂತ ಹೆಚ್ಚು ವಿಷಕರವಲ್ಲ ಎಂದು. ಅವಸರದಲ್ಲಿ ಇಷ್ಟು ಕ್ರಮವಾಗಿ ಮಾಡಿದ ಕೆಲಸವನ್ನು ಶ್ಲಾಘಿಸಬೇಕು. ಆದರೆ ಪರೀಕ್ಷೆಯ ಅವಧಿ ಎರಡು ದಿನ, ನಾಲ್ಕು ದಿನ, ನೋಡಿದ್ದು ಸಾವು. ‘ನಾಲ್ಕು ದಿನಗಳಲ್ಲಿ ಸಾಯಲಿಲ್ಲ’ ಎಂಬುದು ಪತ್ರಿಕೆಗಳನ್ನು ತಲುಪುವಾಗ ‘ಅಪಾಯವಿಲ್ಲ’ ಎಂದಾಯಿತು.

ವಿರುದ್ಧ ಪಕ್ಷದವರೂ ಇದೇ ತಪ್ಪನ್ನು ಮಾಡಿದರು. 2013ರಲ್ಲಿ ಅಚ್ಚಾದ ಒಂದು ಪ್ರಬಂಧ, ರೋಟಿಫರ್ ಎಂಬ ಸೂಕ್ಷ್ಮಜೀವಿಗೆ ಮಿಶ್ರಣವು ಬರಿಯ ಎಣ್ಣೆಗಿಂತ 52 ಪಟ್ಟಿನವರೆಗೆ ಹೆಚ್ಚು ವಿಷಕರವೆಂದು ಹೇಳಿತು. ಆ 52 ಲೋಕವನ್ನೆಲ್ಲ ಸುತ್ತಿತು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪ್ರಮಾಣಕ್ಕೆ 52? ಎಣ್ಣೆ ನೀರಿನಲ್ಲಿ ತಾನಾಗಿ ಬಹು ಸ್ವಲ್ಪ ಮಾತ್ರ ಬೆರೆಯುತ್ತದೆ. ಚೆದರಿಕೆಯ ದ್ರವ್ಯ ಸೇರಿದರೆ ಬಹಳ ಬೆರೆಯುತ್ತದೆ. ಪಾತ್ರೆಗೆ ಸುರಿದ ಎಣ್ಣೆಯನ್ನು ಮಾತ್ರೆಯೆಂದು ಎಣಿಸಿದರೆ ಮಿಶ್ರಣ ಭಯಂಕರ ವಿಷವಾಗಿ ತೋರುತ್ತದೆ. ನೀರಿನೊಳಗೆ ನಿಜವಾಗಿ ಇಳಿದ ಎಣ್ಣೆಯನ್ನು ಅಳೆದು ಎಣಿಸಿದರೆ ಆ ವ್ಯತ್ಯಾಸದ ಬಹುಭಾಗ ಕರಗಿಹೋಗುತ್ತದೆ. ಸುರಿದದ್ದನ್ನಲ್ಲ, ಜೀವಿಯನ್ನು ಮುಟ್ಟಿದ್ದನ್ನು ಅಳೆಯಬೇಕೆಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2020ರಲ್ಲಿ ಹೊರತಂದ ಗ್ರಂಥ ಒತ್ತಿಹೇಳುತ್ತದೆ. ಕಡಲಿನಲ್ಲಾದರೋ ಇಳಿದ ಎಣ್ಣೆ ಹೆಚ್ಚಾಗುವುದೂ ನಿಜವೇ. ಆದುದರಿಂದ ಎರಡು ಲೆಕ್ಕಗಳೂ ತಮ್ಮ ತಮ್ಮ ಪ್ರಶ್ನೆಗೆ ಉತ್ತರಗಳು. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನು ಮಾತ್ರ ಹೊತ್ತು ತಿರುಗಿದ್ದು ತಪ್ಪು.

ಜೀವಕೋಶದ ಪರೀಕ್ಷೆ ಮಾಡುವ ನಮ್ಮವರಿಗೆ ಇಲ್ಲಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ಗಿಡಮೂಲಿಕೆಯ ಸಾರಗಳನ್ನು ಕೋಶಗಳ ಮೇಲೆ ಪರೀಕ್ಷಿಸುವಾಗ ಎಂ.ಟಿ.ಟಿ. ಎಂಬ ಹಳದಿ ಬಣ್ಣವನ್ನು ಹಾಕುವುದು ವಾಡಿಕೆ. ಜೀವಂತ ಕೋಶ ಅದನ್ನು ನೇರಿಳೆಯಾಗಿಸುತ್ತದೆ, ನೇರಿಳೆ ಗಾಢವಾದಷ್ಟೂ ಬದುಕಿದ ಕೋಶ ಹೆಚ್ಚು ಎಂದು ಓದುತ್ತೇವೆ. ಆದರೆ ಅಪಕರ್ಷಕ ಗುಣವುಳ್ಳ ಸಾರಗಳು ಕೋಶವೇ ಇಲ್ಲದ ಪಾತ್ರೆಯಲ್ಲೂ ಆ ಬಣ್ಣವನ್ನು ನೇರಿಳೆಯಾಗಿಸಬಲ್ಲವು. ಕೋಶವಿಲ್ಲದ ಪಾತ್ರೆಯೊಂದನ್ನು ಪಕ್ಕದಲ್ಲಿಡದೆ ಬರೆದ ಪ್ರಬಂಧದಲ್ಲಿ ಬದುಕಿದ್ದು ಕೋಶವೋ ಕಷಾಯವೋ ಹೇಳುವಂತಿಲ್ಲ.

ಮಕೊಂಡೊದ ವಿಷವಿಜ್ಞಾನದಲ್ಲಿ ಮೇಲ್ಮಟ್ಟದ ಕೃತಿಯಾಗಿ ನಮಗೆ ತೋರುವುದು 2014ರ ಎರಡು ಪ್ರಬಂಧಗಳು. ಎಣ್ಣೆ ಹರಿದ ಆ ತಿಂಗಳುಗಳೇ ಕೊಲ್ಲಿಯಲ್ಲಿ ಟ್ಯೂನಾ ಮೀನು ಮೊಟ್ಟೆಯಿಡುವ ಕಾಲ. ಫ್ಯಾಬಿಯನ್ ಬ್ರೆಟ್, ಬಾರ್ಬರಾ ಬ್ಲಾಕ್ ಮೊದಲಾದವರು ಟ್ಯೂನಾದ ಹೃದಯದಿಂದ ಒಂದೊಂದೇ ಸ್ನಾಯುಕೋಶವನ್ನು ಬೇರ್ಪಡಿಸಿ, ಮಕೊಂಡೊದ ಎಣ್ಣೆ ಕಲಕಿದ ನೀರಿಗೆ ಒಡ್ಡಿದರು. ಕೋಶ ಸಾಯಲಿಲ್ಲ. ಆದರೆ ಮಿಡಿತದ ನಂತರ ಕೋಶವನ್ನು ಮೊದಲಿನ ಸ್ಥಿತಿಗೆ ತರುವ ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಂಡುವು. ಕ್ಯಾಲ್ಸಿಯಂನ ಹೋಗುಬರವು ಕೆಟ್ಟಿತು. ಮಿಡಿತದ ತಾಳ ತಪ್ಪಿತು. ಜಾನ್ ಇನ್ಕಾರ್ಡೋನಾ ಮತ್ತು ಸಂಗಡಿಗರು ಟ್ಯೂನಾದ ಭ್ರೂಣಗಳಲ್ಲಿ ಹೃದಯದ ದೋಷವನ್ನು ಲೀಟರಿಗೆ ಕೆಲವೇ ಮೈಕ್ರೋಗ್ರಾಮಿನಷ್ಟು ಎಣ್ಣೆಯ ಸುಗಂಧ ಸಂಯುಕ್ತಗಳಿರುವ ನೀರಿನಲ್ಲೂ ಕಂಡರು. ಆ ಪ್ರಮಾಣವನ್ನು ಅವರು ನೀರಿನಲ್ಲೇ ಅಳೆದಿದ್ದರು. ನಾಲ್ಕು ದಿನದ ಸಾವಿನ ಪರೀಕ್ಷೆಯಲ್ಲಿ ಈ ಮೀನು ಬದುಕಿದವುಗಳ ಪಟ್ಟಿಯಲ್ಲಿರುತ್ತದೆ. ತೆರೆದ ಕಡಲಿನಲ್ಲಿ ಸಾವಿರಾರು ಮೈಲಿ ಈಜಿ ಬದುಕಬೇಕಾದ ಜಾತಿಗೆ ತಾಳ ತಪ್ಪಿದ ಹೃದಯವೆಂದರೆ ಏನೆಂಬುದನ್ನು ಆ ಪಟ್ಟಿ ಹೇಳಲಾರದು.

ಈ ಪ್ರಬಂಧಗಳಿಗೂ ಒಂದು ಮಿತಿಯುಂಟು, ಅದನ್ನು ಬರೆದವರೇ ಬಲ್ಲರು. ಪಾತ್ರೆಯ ನೀರಿನಲ್ಲಿ ಎಣ್ಣೆ ಎಷ್ಟಿತ್ತೆಂಬುದು ಗೊತ್ತು. 2010ರ ಮೇ ತಿಂಗಳಲ್ಲಿ, ಕೊಲ್ಲಿಯ ಮೇಲ್ಪದರದಲ್ಲಿ, ಒಂದು ಮೊಟ್ಟೆಯ ಸುತ್ತಲಿನ ನೀರಿನಲ್ಲಿ ಎಷ್ಟಿತ್ತೆಂಬುದನ್ನು ಕೆಲವು ಮಾದರಿಗಳಿಂದಲೂ ಉಳಿದಂತೆ ಗಣಿತದ ಮಾದರಿಯಿಂದಲೂ ಕಟ್ಟಬೇಕು. ಆ ಗಣಿತಕ್ಕೆ ಮೊದಲು ತುಂಬಬೇಕಾದ ಅಂಕಿ, ದಿನಕ್ಕೆ ಎಷ್ಟು ಪೀಪಾಯಿ ಹೊರಬಂದಿತು ಎಂಬುದು. ಅಲ್ಲಿ 62,000ವನ್ನು ತುಂಬಿದರೆ ಒಂದು ಕೊಲ್ಲಿ, ಸಿಮೆಂಟು ಮೆಲ್ಲಗೆ ಸವೆಯಿತೆಂಬ ವಾದವನ್ನು ಒಪ್ಪಿ ಮೊದಲ ವಾರಗಳ ಅಂಕಿಯನ್ನು ಇಳಿಸಿದರೆ ಇನ್ನೊಂದು ಕೊಲ್ಲಿ. ಟ್ಯೂನಾದ ಮೊಟ್ಟೆಗಳು ನೀರಿನಲ್ಲಿದ್ದುದು ಆ ಮೊದಲ ವಾರಗಳಲ್ಲಿಯೇ.